ಗಡಿಯಾಚೆಯ ಅದಾಲತ್ತು, ಗಡಿಯೊಳಗಿನ ನಾವು

(ಸಾಲಹಳ್ಳಿಯಲ್ಲಿ ನಡೆದ ಸಂಸ್ಥೆಯ ವಾರ್ಷಿಕ ಸಮಾರಂಭದಲ್ಲಿ ಮಾಡಿದ ಭಾಷಣ. ಸಂಪಾದಕ ಮಂಡಳಿಯವರ ಅಪೇಕ್ಷೆಯಂತೆ ಅಲ್ಪಸ್ವಲ್ಪ ತಿದ್ದಿ ಬರೆದುಕೊಟ್ಟಿದ್ದೇನೆ.)



ನನಗೆ ಕೊಟ್ಟಿದ್ದ ವಿಷಯ ‘ಶಿಕ್ಷಣ ಮತ್ತು ಸಮಾಜ’. ಅದರ ಮೇಲೆ ಪ್ರತಿ ವರ್ಷ ಒಬ್ಬರಾದರೂ ಮಾತಾಡಿದ್ದಾರೆ, ಮುಂದೆಯೂ ಮಾತಾಡುತ್ತಾರೆ. ಆದ್ದರಿಂದ ಕಾರ್ಯದರ್ಶಿಗಳ ಅಪ್ಪಣೆ ಪಡೆದು ನಾನು ಬೇರೊಂದು ವಿಷಯ ತೆಗೆದುಕೊಂಡಿದ್ದೇನೆ. ಇದಕ್ಕೆ ಕಾರಣ ನನ್ನ ಒಂಬತ್ತನೆಯ ತರಗತಿ. ನಮ್ಮಲ್ಲಿ ಪ್ರಾರ್ಥನೆಯಾದ ಮೇಲೆ ಒಬ್ಬ ವಿದ್ಯಾರ್ಥಿ ಪತ್ರಿಕೆಯ ಸುದ್ದಿ ಓದುವ ರೂಢಿಯಿದೆ. ಒಂದು ದಿನ ಕುಲಭೂಷಣ ಜಾಧವ ಅವರ ಹೆಸರು ಬಂತು. ಆ ದಿನ ಮೊದಲ ಪೀರಿಯಡ್ಡಿನಲ್ಲಿ ಒಬ್ಬ ಹುಡುಗ ಎದ್ದು ನಿಂತು, “ಸರ್, ಅವರ ಕೋರ್ಟಿನ್ಯಾಗ ನಮ್ಮವರಿಗೆ ನ್ಯಾಯ ಸಿಗ್ತೈತೇನ್ರಿ?” ಎಂದು ಕೇಳಿದ. ಹಿಂದಿನ ಬೆಂಚಿನಿಂದ “ಎಲ್ಲಿ ಸಿಗ್ತೈತಲೇ” ಎಂಬ ಉತ್ತರವೂ ಬಂತು, ನಗುವೂ ಬಂತು. ನಗು ನಿಂತ ಮೇಲೆ ಒಬ್ಬ ಹುಡುಗಿ ಮೆಲ್ಲಗೆ, “ನಮ್ಮ ಕೋರ್ಟಿನ್ಯಾಗ ಅವರಿಗೆ ಸಿಗ್ತೈತೇನ್ರಿ ಸರ್?” ಎಂದಳು.

ನಾನು ಮಾಸ್ತರರು ಯಾವಾಗಲೂ ಹೇಳುವ ಮಾತನ್ನೇ ಹೇಳಿದೆ: “ನಾಳೆ ಹೇಳ್ತೀನಿ, ಈಗ ಪುಸ್ತಕ ತೆಗೀರಿ.” ಆ ನಾಳೆ ಬರಲು ಒಂದು ವರ್ಷ ಹಿಡಿಯಿತು. ಆ ಇಬ್ಬರೂ ಈಗ ಎದುರಿಗೆ ಕುಳಿತಿದ್ದಾರೆ.

ಮೊದಲು ನಮ್ಮ ಮನೆಯದೇ ಒಂದು ಸಂಗತಿ ಹೇಳುತ್ತೇನೆ. 2014ರಲ್ಲಿ ನಾನಿನ್ನೂ ಧಾರವಾಡದಲ್ಲಿ ಬಿ.ಎಡ್. ಓದುತ್ತಿದ್ದೆ. ನನ್ನ ಖಾಲಾನ ಮಗ ಗಲ್ಫಿನ ಒಂದು ದೇಶದಲ್ಲಿ ಪಿಕಪ್ ಗಾಡಿ ಓಡಿಸುತ್ತಿದ್ದ. ಮರುಭೂಮಿಯಲ್ಲಿರುವ ಒಂಟೆಗಳ ಫಾರ್ಮಿಗೆ ಮೇವು, ನೀರು ಮುಟ್ಟಿಸುವ ಕೆಲಸ. ಒಂದು ಸಂಜೆ ಧೂಳು ಎದ್ದು ದಾರಿ ತಪ್ಪಿತು. ಅವನು ನಿಂತಲ್ಲಿ ಕಂಬವೂ ಇರಲಿಲ್ಲ, ಬೋರ್ಡೂ ಇರಲಿಲ್ಲ. ಗಡಿ ಕಾಯುವ ಪಡೆಯವರು ಬಂದು ಗಾಡಿ, ಫೋನು, ಅವನನ್ನು ಮೂರನ್ನೂ ತೆಗೆದುಕೊಂಡು ಹೋದರು. ಹನ್ನೆರಡು ದಿನ ನಮಗೆ ಸುದ್ದಿಯೇ ಇಲ್ಲ. ಖಾಲಾ ಅಂಗಳದಲ್ಲಿ ಫೋನು ಇಟ್ಟುಕೊಂಡು ಕೂತರೆ ಇಶಾ ನಮಾಜಿಗೂ ಏಳುತ್ತಿರಲಿಲ್ಲ, ಅಲ್ಲಿಯೇ ಮುಗಿಸುತ್ತಿದ್ದರು.

ಹದಿಮೂರನೆಯ ದಿನ ಐದು ನಿಮಿಷದ ಕರೆ ಬಂತು. ಅವನು ಬಹಳ ಧೈರ್ಯದಿಂದಲೇ ಮಾತಾಡಿದ. “ವಕೀಲ ಸಿಕ್ಕಾನ ಅಮ್ಮಾ, ಸರಕಾರದವರೇ ಕೊಟ್ಟಾರ. ಎಲ್ಲಾ ಖರೇ ಹೇಳೀನಿ. ಚಿಂತಿ ಮಾಡಬ್ಯಾಡ.” ಮನೆಯಲ್ಲಿ ಅಂದು ಮೊದಲ ಸಲ ಎಲ್ಲರೂ ಹೊಟ್ಟೆ ತುಂಬ ಊಟ ಮಾಡಿದೆವು.

ಆ ಊಟದ ಬೆಲೆ ನಮಗೆ ಆಮೇಲೆ ಗೊತ್ತಾಯಿತು. ನಾನು ಭಾಷೆಯ ಮಾಸ್ತರ, ಆದ್ದರಿಂದ ಸ್ವಲ್ಪ ವಿವರವಾಗಿ ಹೇಳುತ್ತೇನೆ, ಬೇಸರಿಸಬೇಡಿ. ನಮ್ಮ ಕನ್ನಡದ ಕೋರ್ಟು ಕಚೇರಿಯ ಮಾತುಗಳನ್ನು ನೆನೆಯಿರಿ. ವಕೀಲ, ಜಾಮೀನು, ಕೈದಿ, ಫಿರ್ಯಾದಿ, ಅರ್ಜಿ, ಕಾನೂನು, ರುಜು, ಹುಕುಂ, ತಕರಾರು. ಇವೆಲ್ಲ ಅರಬಿಯಿಂದಲೋ ಫಾರಸಿಯಿಂದಲೋ ಬಂದು ನಮ್ಮ ಹಳ್ಳಿಯ ಕಟ್ಟೆಯ ಮೇಲೆ ಕೂತು ಕನ್ನಡವೇ ಆಗಿಹೋಗಿವೆ. ಜಮೀನಿನ ತಕರಾರು ಇರುವ ಯಾವ ಗೌಡರೂ ಇವು ಹೊರಗಿನ ಮಾತು ಎಂದು ಒಪ್ಪಲಾರರು. ಹೀಗಾಗಿ ನಮ್ಮ ಹುಡುಗರು ಅರಬರ ನಾಡಿಗೆ ಹೋದಾಗ ಅಲ್ಲಿನ ಕಚೇರಿಯ ಮಾತು ಅರ್ಧಮರ್ಧ ತಿಳಿದಂತೆ ಅನಿಸುತ್ತದೆ. ಮೋಸ ಇರುವುದು ಅಲ್ಲಿಯೇ. ಅರಬಿಯಲ್ಲಿ ‘ವಕೀಲ್’ ಎಂದರೆ ಇನ್ನೊಬ್ಬರ ಪರವಾಗಿ ನಿಂತವನು ಎಂದಷ್ಟೇ ಅರ್ಥ. ಯಾರ ಪರವಾಗಿ ಎಂಬುದು ಮುಂದಿನ ಶಬ್ದದ ಮೇಲೆ ನಿಂತಿದೆ. ಆರೋಪಿಯ ಪರ ವಾದಿಸುವವನನ್ನು ಅಲ್ಲಿ ಸಾಮಾನ್ಯವಾಗಿ ‘ಮುಹಾಮಿ’ ಎನ್ನುತ್ತಾರೆ. ‘ವಕೀಲ್ ನಿಯಾಬಾ’ ಎಂದರೆ ಸರಕಾರದ ಪರವಾಗಿ ಆರೋಪ ಹೊರಿಸುವ ಅಧಿಕಾರಿ, ನಮ್ಮಲ್ಲಿನ ಸರಕಾರಿ ಅಭಿಯೋಜಕ.

ನನ್ನ ಖಾಲಾನ ಮಗ ತನ್ನ ವಕೀಲನೆಂದು ನಂಬಿ ಮನಸ್ಸು ಬಿಚ್ಚಿ ಮಾತಾಡಿದ್ದು ಈ ವಕೀಲ್ ನಿಯಾಬಾ ಜೊತೆಗೆ! ಹಿಂದೆಯೂ ಎರಡು ಸಲ ಆ ಅಡ್ಡದಾರಿ ಹಿಡಿದಿದ್ದೆ, ಸುತ್ತು ತಪ್ಪುತ್ತದೆ ಎಂದು, ಎಂಬುದನ್ನೂ ಹೇಳಿಬಿಟ್ಟಿದ್ದ. ದಾರಿ ತಪ್ಪಿದವನು ಎಂಬ ಅವನ ಮಾತು ಅಲ್ಲಿಗೆ ಮುಗಿಯಿತು. ಮೇಲಿಂದ ಮೇಲೆ ನಿಷೇಧಿತ ಪ್ರದೇಶಕ್ಕೆ ಬರುವವನು ಎಂದಾಯಿತು.

ಎರಡು ತಿಂಗಳ ಮೇಲೆ ಬಿಟ್ಟರು. ನ್ಯಾಯಾಧೀಶರು ಅವನನ್ನು ಎರಡು ನಿಮಿಷ ನೋಡಿ, ತಾಯಿ ಇದ್ದಾಳೆಯೇ ಎಂದು ಕೇಳಿ, ಜೈಲು ಶಿಕ್ಷೆ ಬೇಡ, ಜುಲ್ಮಾನೆ ಕಟ್ಟಿಸಿ ಊರಿಗೆ ಕಳಿಸಿ ಎಂದರಂತೆ. ನಮ್ಮ ಮನೆಯವರು ಇಂದಿಗೂ ಆ ನ್ಯಾಯಾಧೀಶರಿಗೆ ದುವಾ ಮಾಡುತ್ತಾರೆ. ನಾನೂ ಮಾಡುತ್ತೇನೆ. ಆದರೆ ಇಂದಿನ ನನ್ನ ಮಾತೆಲ್ಲ ಈ ದುವಾದ ಜಾಗದಿಂದಲೇ ಶುರುವಾಗುತ್ತದೆ. ಅವನಿಗೆ ಸಿಕ್ಕಿದ್ದು ದಯೆ. ನ್ಯಾಯ ಸಿಗಲಿಲ್ಲ. ಆ ದಿನ ಆ ಕುರ್ಚಿಯ ಮೇಲೆ ಬೇರೊಬ್ಬರು ಕೂತಿದ್ದರೆ? ಬಿಡುಗಡೆ ಬೇರೆ, ನ್ಯಾಯ ಬೇರೆ ಎಂಬುದನ್ನು ನಾವು ಸಾಮಾನ್ಯವಾಗಿ ಮರೆಯುತ್ತೇವೆ. ಯಾರಾದರೂ ಬಿಡುಗಡೆಯಾಗಿ ಬಂದರೆ ಹಾರ ಹಾಕಿ ವಿಷಯ ಮುಗಿಸುತ್ತೇವೆ.

ಗಡಿ ಎಂಬುದು ನಮಗೆ ಹೊಸತಲ್ಲ. ಬೆಳಗಾವಿ ಜಿಲ್ಲೆಯವರಿಗೆ ‘ಗಡಿ ವಿವಾದ’ ಎಂದರೆ ಮಹಾಜನ ವರದಿ, ನಿಪ್ಪಾಣಿಯ ಕಡೆ ನಿಂತುಹೋಗುವ ಬಸ್ಸು, 2022ರ ಡಿಸೆಂಬರಿನಲ್ಲಿ ಹಿರೇಬಾಗೇವಾಡಿ ಟೋಲ್ ಬಳಿ ಕಲ್ಲು ತಿಂದ ಲಾರಿಗಳು. ಇನ್ನೂ ಹಿಂದೆ ಹೋದರೆ, 1948ರ ವರೆಗೆ ರಾಮದುರ್ಗ ಒಂದು ಪ್ರತ್ಯೇಕ ಸಂಸ್ಥಾನ. ಸವದತ್ತಿ ಬ್ರಿಟಿಷರ ಮುಂಬಯಿ ಪ್ರಾಂತದ್ದು, ತೊರಗಲ್ಲು ಕೊಲ್ಲಾಪುರದ ಕೈಕೆಳಗಿನದು. ನಮ್ಮ ಅಜ್ಜಂದಿರು ಸಂತೆಗೆಂದು ಎತ್ತು ಹೊಡೆದುಕೊಂಡು ಒಂದು ದಿನದ ದಾರಿ ಹೋದರೆ ಮೂರು ಆಡಳಿತಗಳ ನೆಲ ತುಳಿದು ಬರುತ್ತಿದ್ದರು. ಎತ್ತಿಗೆ ಅದು ಗೊತ್ತಿರಲಿಲ್ಲ. ಅಜ್ಜನಿಗೆ ಗೊತ್ತಿತ್ತು, ಯಾಕೆಂದರೆ ಸುಂಕದ ಕಟ್ಟೆ ಇತ್ತು. ನೆಲದ ಮೇಲಾದರೆ ಕಟ್ಟೆ ಕಾಣುತ್ತದೆ. ಮರಳಿನಲ್ಲಿ, ನೀರಿನಲ್ಲಿ, ಬೆಟ್ಟದ ಮೇಲೆ ಏನು ಕಾಣುತ್ತದೆ?

ನೀರಿನ ಮಾತು ಬಂದದ್ದಕ್ಕೆ ನಮ್ಮ ಕರ್ನಾಟಕದವರದೇ ಪ್ರಕರಣ ಹೇಳುತ್ತೇನೆ. 2018ರ ಜುಲೈ ಕೊನೆಗೆ ಉತ್ತರ ಕನ್ನಡ ಜಿಲ್ಲೆಯ ಭಟ್ಕಳ, ಕುಮಟಾ ಕಡೆಯ 18 ಮೀನುಗಾರರನ್ನು ಇರಾನಿನವರು ಹಿಡಿದರು. ಅವರು ದುಬೈಯ ದೋಣಿಗಳಲ್ಲಿ ದುಡಿಯುತ್ತಿದ್ದ ಬಡವರು. ಆರೋಪವೇನೆಂದರೆ ಇರಾನಿನ ಸಮುದ್ರ ಗಡಿಯೊಳಗೆ ಬಂದರು ಎಂದು. ಆ ಕೊಲ್ಲಿಯ ನೀರು ಎಂಥದೆಂದು ನಕಾಶೆ ತೆಗೆದು ನೋಡಿ. ಅಬು ಮೂಸಾ ಮತ್ತು ಎರಡು ತುಂಬ್ ದ್ವೀಪಗಳು ಯಾರವು ಎಂಬುದಕ್ಕೇ ಇರಾನಿಗೂ ಸಂಯುಕ್ತ ಅರಬ್ ಎಮಿರೇಟ್ಸ್‌ಗೂ 1971ರಿಂದ ತಕರಾರಿದೆ. ದೊರೆಗಳಿಗೇ ಬಗೆಹರಿಯದ ನೀರಿನಲ್ಲಿ ಕೂಲಿಯವನು ಬಲೆ ಬೀಸುತ್ತಾನೆ. ದೋಣಿಯ ಮಾಲೀಕ ದಡದಲ್ಲಿರುತ್ತಾನೆ, ಸಿಕ್ಕಿಬೀಳುವವನು ದೋಣಿಯಲ್ಲಿರುತ್ತಾನೆ. ಭಟ್ಕಳದ ಮನೆಗಳವರು ಜಿಲ್ಲಾಡಳಿತಕ್ಕೆ, ವಿದೇಶಾಂಗ ಸಚಿವಾಲಯಕ್ಕೆ ಮೊರೆಯಿಟ್ಟರು, ತಿಂಗಳುಗಳು ಕಳೆದ ಮೇಲೆ ಬಿಡುಗಡೆಯಾಯಿತು. ಅಲ್ಹಮ್ದುಲಿಲ್ಲಾಹ್. ಆದರೆ ಆ ತಿಂಗಳುಗಳಲ್ಲಿ ಹೋದ ಕೂಲಿ, ಆದ ಸಾಲ?

ಇದೇ ಕಥೆ ಗುಜರಾತ್ ಮತ್ತು ಸಿಂಧಿನ ನಡುವಿನ ಸರ್ ಕ್ರೀಕ್ ಕಡೆ ಪ್ರತಿ ವರ್ಷ ನಡೆಯುತ್ತದೆ. 96 ಕಿಲೋಮೀಟರಿನ ಆ ಕೆಸರಿನ ಕಾಲುವೆಯಲ್ಲಿ ಗೆರೆ ಎಲ್ಲಿ ಎಂಬುದು ಎರಡು ದೇಶಗಳ ನಡುವೆ ಇನ್ನೂ ಇತ್ಯರ್ಥವಾಗಿಲ್ಲ. ಆದರೂ ಎರಡೂ ಕಡೆಯ ಮೀನುಗಾರರು ಗೆರೆ ದಾಟಿದ್ದಕ್ಕೆ ಜೈಲಿನಲ್ಲಿದ್ದಾರೆ. 2008ರ ಮೇ 21ರ ಒಪ್ಪಂದದ ಪ್ರಕಾರ ಭಾರತ, ಪಾಕಿಸ್ತಾನಗಳು ಜನವರಿ 1 ಮತ್ತು ಜುಲೈ 1ರಂದು ಕೈದಿಗಳ ಪಟ್ಟಿ ಬದಲಾಯಿಸಿಕೊಳ್ಳಬೇಕು. 2025ರ ಮೇ ತಿಂಗಳಲ್ಲಿ ಎರಡೂ ಸೇನೆಗಳು ಹೊಡೆದಾಡಿದವು, ನಿಮಗೆಲ್ಲ ನೆನಪಿದೆ. ಅದಾಗಿ ಎರಡು ತಿಂಗಳೊಳಗೆ ಜುಲೈ 1 ಬಂತು, ಪಟ್ಟಿ ಬದಲಾವಣೆ ನಿಲ್ಲಲಿಲ್ಲ. ಭಾರತದ ಪಟ್ಟಿಯಲ್ಲಿ 382 ನಾಗರಿಕ ಕೈದಿಗಳು, 81 ಮೀನುಗಾರರು ಇದ್ದರು. ಪಾಕಿಸ್ತಾನದ ಪಟ್ಟಿಯಲ್ಲಿ 53 ನಾಗರಿಕ ಕೈದಿಗಳು, 193 ಮೀನುಗಾರರು. ಬಾಂಬಿನ ಸುದ್ದಿಯನ್ನು ನಾವು ರಾತ್ರಿಯೆಲ್ಲ ಎದ್ದು ನೋಡಿದೆವು. ಈ ಪಟ್ಟಿಯ ಸುದ್ದಿ ಎಷ್ಟು ಜನ ಓದಿದಿರಿ?

ಹಾಗಾದರೆ ಪರದೇಶದ ಕೋರ್ಟು ನ್ಯಾಯವಾಗಿ ನಡೆಯಿತೋ ಇಲ್ಲವೋ ಎಂದು ಅಳೆಯುವುದು ಹೇಗೆ? ಅವರು ನಮ್ಮ ವೈರಿಗಳು, ಆದ್ದರಿಂದ ಅನ್ಯಾಯ ಎನ್ನುವುದು ಅಳತೆಯಲ್ಲ. ಅವರು ಮುಸಲ್ಮಾನರು, ಆದ್ದರಿಂದ ನ್ಯಾಯ ಎನ್ನುವುದೂ ಅಳತೆಯಲ್ಲ. ನಮ್ಮ ಕೆಲವು ಹಿರಿಯರಲ್ಲಿ ಈ ಎರಡನೆಯ ಭ್ರಮೆ ಇದೆ, ಕ್ಷಮಿಸಬೇಕು, ಇದ್ದದ್ದನ್ನು ಹೇಳುತ್ತಿದ್ದೇನೆ. ಜಗತ್ತಿನ ದೇಶಗಳು ಸೇರಿ 1963ರಲ್ಲಿ ವಿಯೆನ್ನಾದಲ್ಲಿ ಕಾನ್ಸುಲರ್ ಸಂಬಂಧಗಳ ಒಂದು ಒಪ್ಪಂದ ಮಾಡಿಕೊಂಡವು. ಅದರ 36ನೆಯ ವಿಧಿಯನ್ನು ವಿದ್ಯಾರ್ಥಿಗಳು ಬಾಯಿಪಾಠ ಮಾಡಿದರೂ ತಪ್ಪಿಲ್ಲ. ಪರದೇಶದವನನ್ನು ಹಿಡಿದರೆ, ನಿನ್ನ ದೇಶದ ದೂತಾವಾಸಕ್ಕೆ ಸುದ್ದಿ ಮುಟ್ಟಿಸುವ ಹಕ್ಕು ನಿನಗಿದೆ ಎಂದು ತಡಮಾಡದೆ ಅವನಿಗೆ ತಿಳಿಸಬೇಕು. ಅವನು ಕೇಳಿಕೊಂಡರೆ ಸುದ್ದಿ ಮುಟ್ಟಿಸಬೇಕು. ದೂತಾವಾಸದವರು ಬಂದು ಅವನನ್ನು ಕಾಣಬಹುದು, ಅವನಿಗೆ ವಕೀಲನ ಏರ್ಪಾಡು ಮಾಡಬಹುದು. ಇಷ್ಟೇ. ಅಪರಾಧಿಯೋ ಅಲ್ಲವೋ ಎಂಬ ಮಾತು ಇದರಲ್ಲಿಲ್ಲ, ಅದು ಆಮೇಲಿನದು. ನನ್ನ ಖಾಲಾನ ಮಗನಿಗೆ ಮೊದಲ ದಿನ ಈ ಒಂದು ಮಾತು ಯಾರಾದರೂ ಹೇಳಿದ್ದರೆ ಯಾವ ವಕೀಲ ಯಾರ ವಕೀಲ ಎಂದು ತಿಳಿಸಲು ಒಬ್ಬರಾದರೂ ಬರುತ್ತಿದ್ದರು.

ಈಗ ಮೊದಲ ಹುಡುಗನ ಪ್ರಶ್ನೆಗೆ ಬರುತ್ತೇನೆ. ಜಾಧವ ಅವರು ಹುಟ್ಟಿದ್ದು ಸಾಂಗ್ಲಿಯಲ್ಲಿ, ನಮಗೆ ದೂರದ ಊರಲ್ಲ. 2016ರ ಮಾರ್ಚ್ 3ರಂದು ಬಲೂಚಿಸ್ತಾನದಲ್ಲಿ ಹಿಡಿದೆವು, ಬೇಹುಗಾರ ಎಂದು ಪಾಕಿಸ್ತಾನ ಹೇಳಿತು. ನೌಕಾಪಡೆಯಿಂದ ನಿವೃತ್ತರಾಗಿ ಇರಾನಿನಲ್ಲಿ ವ್ಯಾಪಾರ ಮಾಡುತ್ತಿದ್ದವರನ್ನು ಅಪಹರಿಸಿದ್ದಾರೆ ಎಂದು ಭಾರತ ಹೇಳಿತು. ಹಿಡಿದ ಸುದ್ದಿಯನ್ನು ಭಾರತಕ್ಕೆ ತಿಳಿಸಿದ್ದು ಮಾರ್ಚ್ 25ಕ್ಕೆ, ಅಂದರೆ 22 ದಿನಗಳ ಮೇಲೆ. ದೂತಾವಾಸದವರಿಗೆ ಭೇಟಿ ಕೊಡಲಿಲ್ಲ. ಸೈನಿಕ ನ್ಯಾಯಾಲಯ ಮುಚ್ಚಿದ ಬಾಗಿಲಲ್ಲಿ ವಿಚಾರಣೆ ಮಾಡಿತು. 2017ರ ಏಪ್ರಿಲ್ 10ರಂದು ಮರಣದಂಡನೆ ಘೋಷಣೆಯಾಯಿತು. ಭಾರತ ಹೇಗ್ ನಗರದ ಅಂತರರಾಷ್ಟ್ರೀಯ ನ್ಯಾಯಾಲಯಕ್ಕೆ ಹೋಯಿತು. ನಮ್ಮ ಪರ ವಾದಿಸಿದ ಹರೀಶ್ ಸಾಳ್ವೆ ಅವರು ತೆಗೆದುಕೊಂಡ ಶುಲ್ಕ ಒಂದು ರೂಪಾಯಿ.

2019ರ ಜುಲೈ 17ರಂದು ತೀರ್ಪು ಬಂತು. 36ನೆಯ ವಿಧಿಯನ್ನು ಪಾಕಿಸ್ತಾನ ಮುರಿದಿದೆ ಎಂದು 15 ನ್ಯಾಯಾಧೀಶರು ಒಂದು ಕಡೆ, ಪಾಕಿಸ್ತಾನ ಈ ಮೊಕದ್ದಮೆಗಾಗಿ ನೇಮಿಸಿದ್ದ ಒಬ್ಬರು ಇನ್ನೊಂದು ಕಡೆ. ಆ 15 ಜನರಲ್ಲಿ ಚೀನಾದ ನ್ಯಾಯಾಧೀಶೆಯೂ ಇದ್ದರು. ಪೀಠದ ಅಧ್ಯಕ್ಷರು ಸೋಮಾಲಿಯಾದ ಅಬ್ದುಲ್‌ಖವಿ ಅಹ್ಮದ್ ಯೂಸುಫ್ ಎಂಬವರು. ಯಾವ ದೇಶದವರು, ಯಾವ ಮತದವರು ಎಂದು ನೋಡಿ ತೀರ್ಪು ಊಹಿಸುವವರಿಗೆ ಇದು ಒಳ್ಳೆಯ ಪಾಠ. ಬೇಹುಗಾರಿಕೆಯ ಆರೋಪ ಇದ್ದರೂ ಈ ಹಕ್ಕು ತಪ್ಪುವುದಿಲ್ಲ ಎಂದು ನ್ಯಾಯಾಲಯ ಸ್ಪಷ್ಟವಾಗಿ ಹೇಳಿತು. ಆದರೆ, ಮಕ್ಕಳೇ, ನಮ್ಮ ಟಿ.ವಿ.ಗಳು ಪಟಾಕಿ ಹೊಡೆದ ಆ ದಿನ ಅರ್ಧ ಮಾತನ್ನಷ್ಟೇ ಹೇಳಿದವು. ಶಿಕ್ಷೆ ರದ್ದುಮಾಡಿ, ಬಿಡುಗಡೆ ಮಾಡಿ ಎಂಬ ಭಾರತದ ಬೇಡಿಕೆಯನ್ನು ಅದೇ ನ್ಯಾಯಾಲಯ ಒಪ್ಪಲಿಲ್ಲ. ಪಾಕಿಸ್ತಾನವೇ ಈ ತೀರ್ಪನ್ನು ಮರುಪರಿಶೀಲಿಸಲಿ, ಅಲ್ಲಿಯವರೆಗೆ ನೇಣು ಬೇಡ ಎಂದಿತು. ಅದಕ್ಕಾಗಿ ಪಾಕಿಸ್ತಾನ 2021ರಲ್ಲಿ ಕಾನೂನನ್ನೂ ಮಾಡಿತು. ನೇಣಂತೂ ಆಗಿಲ್ಲ, ಬಿಡುಗಡೆಯೂ ಆಗಿಲ್ಲ. ಇಲ್ಲಿ ನ್ಯಾಯ ಅರ್ಧ ದಾರಿಯವರೆಗೆ ಬಂದು ನಿಂತಿದೆ ಎಂದು ನನ್ನ ಅಭಿಪ್ರಾಯ.

ನಮ್ಮ ಯುವಕರು ತಿಳಿಯಬೇಕಾದ ಇನ್ನೊಂದು ಹೆಸರು ಮುಂಬಯಿಯ ಹಾಮಿದ್ ನೆಹಾಲ್ ಅನ್ಸಾರಿ. ಓದಿದ ಹುಡುಗ. ಇಂಟರ್‌ನೆಟ್ಟಿನಲ್ಲಿ ಪರಿಚಯವಾದ ಒಬ್ಬ ಹುಡುಗಿಯನ್ನು ಕಾಣಲು 2012ರ ನವೆಂಬರಿನಲ್ಲಿ ಅಫ್ಘಾನಿಸ್ತಾನದ ಮೂಲಕ, ವೀಸಾ ಇಲ್ಲದೆ, ಪಾಕಿಸ್ತಾನದ ಕೊಹಾಟ್ ಊರಿಗೆ ಹೋದ. ಸುಳ್ಳು ಗುರುತಿನ ಚೀಟಿಯೂ ಇತ್ತು. ತಪ್ಪು ಮಾಡಿದ್ದ, ಅದನ್ನು ಮುಚ್ಚಿಡಬೇಕಿಲ್ಲ. ಹಿಡಿದರು, ಆಮೇಲೆ ಮೂರು ವರ್ಷ ಅವನು ಎಲ್ಲಿದ್ದಾನೆಂದೇ ತಾಯಿತಂದೆಗೆ ಗೊತ್ತಾಗಲಿಲ್ಲ. ಸೈನಿಕ ನ್ಯಾಯಾಲಯ 2015ರ ಡಿಸೆಂಬರಿನಲ್ಲಿ ಮೂರು ವರ್ಷ ಶಿಕ್ಷೆ ಕೊಟ್ಟಿತು, ಹಿಂದಿನ ಮೂರು ವರ್ಷ ಲೆಕ್ಕಕ್ಕೆ ಬರಲಿಲ್ಲ. ಮೂರು ವರ್ಷದ ಶಿಕ್ಷೆಗೆ ಆರು ವರ್ಷ ಅನುಭವಿಸಿ 2018ರ ಡಿಸೆಂಬರ್ 18ರಂದು ವಾಘಾ ದಾಟಿ ಬಂದ. ಗಣಿತದ ಮಾಸ್ತರರು ಇದನ್ನು ಯಾವ ಸೂತ್ರದಲ್ಲಿ ಬಿಡಿಸುತ್ತಾರೋ ಕಾಣೆ.

ಆದರೆ ಅವನಿಗಾಗಿ ಓಡಾಡಿದವರು ಯಾರು? ಪಾಕಿಸ್ತಾನದವರೇ. ಝೀನತ್ ಶಹಜಾದಿ ಎಂಬ ಲಾಹೋರಿನ ಯುವ ಪತ್ರಕರ್ತೆ ಅವನ ತಾಯಿಯ ಪರವಾಗಿ ಅರ್ಜಿ ಹಾಕಿದಳು. 2015ರ ಆಗಸ್ಟಿನಲ್ಲಿ ಅವಳೇ ಕಾಣೆಯಾದಳು, ಸಿಕ್ಕಿದ್ದು ಎರಡು ವರ್ಷ ದಾಟಿದ ಮೇಲೆ. ಪೇಶಾವರದ ಹೈಕೋರ್ಟಿನಲ್ಲಿ ಅವನಿಗಾಗಿ ವಾದಿಸಿದ ಕಾಜಿ ಮುಹಮ್ಮದ್ ಅನ್ವರ್ ಅವರೂ ಆ ದೇಶದವರೇ. ‘ಎಲ್ಲಿ ಸಿಗ್ತೈತಲೇ’ ಎಂದು ನಕ್ಕ ಹಿಂದಿನ ಬೆಂಚಿನವರು ಈ ಹೆಸರುಗಳನ್ನು ಬರೆದಿಟ್ಟುಕೊಳ್ಳಬೇಕು.

ಇನ್ನು ಆ ಹುಡುಗಿಯ ಪ್ರಶ್ನೆ. ಸಭೆಯಲ್ಲಿ ಇದನ್ನು ಎತ್ತುವುದು ಬೇಡ ಎಂದು ಒಬ್ಬಿಬ್ಬರು ಹಿತೈಷಿಗಳು ನನಗೆ ಹೇಳಿದ್ದರು. ‘ನಮ್ಮವರೇ ಯಾಕೆ ಆ ಕಡೆಯವರ ಮಾತಾಡಬೇಕು, ಜನ ಏನಾದರೂ ತಿಳಿದಾರು’ ಎಂದು. ಅವರ ಅಂಜಿಕೆ ನನಗೆ ತಿಳಿಯುತ್ತದೆ. ಪತ್ರಿಕೆಯಲ್ಲಿ ಆ ಕಡೆಯವರು ಯಾರಾದರೂ ಸಿಕ್ಕಿಬಿದ್ದ ಸುದ್ದಿ ಬಂದ ದಿನ ನಾವು ಚಹಾದಂಗಡಿಯಲ್ಲಿ ಸ್ವಲ್ಪ ಗಟ್ಟಿಯಾಗಿಯೇ ಬೈಯುತ್ತೇವೆ, ಇಲ್ಲವೇ ಪುಟ ತಿರುವುತ್ತೇವೆ. ಆದರೆ ಕಾನೂನಿನ ಮಾತಾಡಲು ಅಂಜಬೇಕಾಗಿಲ್ಲ. ನಮ್ಮ ಸಂವಿಧಾನವೇ ಅದನ್ನು ಮಾತಾಡಿದೆ. 14 ಮತ್ತು 21ನೆಯ ವಿಧಿಗಳಲ್ಲಿ ‘ನಾಗರಿಕ’ ಎಂದಿಲ್ಲ, ‘ವ್ಯಕ್ತಿ’ ಎಂದಿದೆ. ಹೌರಾದಲ್ಲಿ ದೌರ್ಜನ್ಯಕ್ಕೆ ಗುರಿಯಾದ ಬಾಂಗ್ಲಾದೇಶದ ಹೆಣ್ಣುಮಗಳೊಬ್ಬಳಿಗೆ ರೈಲ್ವೆಯವರು ಹತ್ತು ಲಕ್ಷ ಪರಿಹಾರ ಕೊಡಬೇಕು ಎಂದು ಸುಪ್ರೀಂ ಕೋರ್ಟು 2000ದಲ್ಲಿ ಈ ಒಂದು ಶಬ್ದದ ಬಲದ ಮೇಲೆಯೇ ಎತ್ತಿಹಿಡಿಯಿತು. ಹಿಡಿದವನನ್ನು 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸಬೇಕೆಂಬ 22ನೆಯ ವಿಧಿ ಪರದೇಶಿಗೂ ಇದೆ, ಯುದ್ಧದಲ್ಲಿರುವ ಶತ್ರು ದೇಶದವನೊಬ್ಬನನ್ನು ಬಿಟ್ಟು. ಅದೇ ಹೊತ್ತಿಗೆ ಇನ್ನೊಂದು ಮಗ್ಗುಲೂ ಇದೆ. 1946ರ ವಿದೇಶಿಯರ ಕಾಯ್ದೆಯಲ್ಲಿ, ನಾನು ವಿದೇಶಿಯಲ್ಲ ಎಂದು ರುಜುವಾತು ಮಾಡುವ ಭಾರ ಸಿಕ್ಕವನ ತಲೆಯ ಮೇಲೆಯೇ ಇತ್ತು. 2025ರಲ್ಲಿ ಬಂದ ಹೊಸ ಕಾಯ್ದೆಯಲ್ಲೂ ಆ ಭಾರ ಇಳಿದಿಲ್ಲ.

ಅಜ್ಮೀರಿನ ಒಂದು ಮೊಕದ್ದಮೆ ಕೇಳಿ. ಪಾಕಿಸ್ತಾನದ ವಿಜ್ಞಾನಿ ಡಾ. ಖಲೀಲ್ ಚಿಶ್ತಿ 1992ರಲ್ಲಿ ಕಾಯಿಲೆಯ ತಾಯಿಯನ್ನು ನೋಡಲು ಅಜ್ಮೀರಿಗೆ ಬಂದರು. ಮನೆಯಲ್ಲಿ ಜಗಳವಾಗಿ ಒಬ್ಬರ ಕೊಲೆಯಾಯಿತು, ಇವರ ಹೆಸರೂ ಸೇರಿತು. ತೀರ್ಪು ಬಂದದ್ದು 2011ರಲ್ಲಿ, ಜೀವಾವಧಿ ಶಿಕ್ಷೆ. ಅಷ್ಟೂ ವರ್ಷ ಊರಿಗೆ ಹೋಗುವಂತಿರಲಿಲ್ಲ, ವಯಸ್ಸು 80 ಆಗಿತ್ತು. 2012ರಲ್ಲಿ ಸುಪ್ರೀಂ ಕೋರ್ಟು ಜಾಮೀನು ಕೊಟ್ಟಿತು, ಮೇಲಾಗಿ ಕರಾಚಿಗೆ ಹೋಗಿ ಬರಲು ಅಪ್ಪಣೆಯನ್ನೂ ಕೊಟ್ಟಿತು. ಶತ್ರು ದೇಶವೆಂದು ಹೇಳುವ ನೆಲಕ್ಕೆ ಕೊಲೆ ಆರೋಪಿಯನ್ನು ಬಿಟ್ಟು ಕಳಿಸಿದ ಕೋರ್ಟನ್ನು ನೀವು ಎಲ್ಲಿ ನೋಡಿದ್ದೀರಿ? ಆ ಮುದುಕರು ಕೊಟ್ಟ ಮಾತಿನಂತೆ ವಾಪಸು ಬಂದು ನಿಂತರು. ಡಿಸೆಂಬರಿನಲ್ಲಿ ಕೊಲೆಯ ಆರೋಪದಿಂದ ಬಿಡುಗಡೆಯಾಯಿತು. ಕೊನೆಯ ಕೋರ್ಟಿನ ದೊಡ್ಡತನಕ್ಕೆ ನಾನು ತಲೆಬಾಗುತ್ತೇನೆ. ಕೆಳಗಿನ ಕೋರ್ಟಿನಲ್ಲಿ ಹೋದ 19 ವರ್ಷಕ್ಕೆ ಏನು ಹೇಳಲಿ?

ನಮ್ಮ ಬೆಂಗಳೂರಿನದೂ ಒಂದಿದೆ. 2017ರ ಮೇ ತಿಂಗಳಲ್ಲಿ ಒಬ್ಬ ಪಾಕಿಸ್ತಾನಿ ಯುವತಿ ಸಿಕ್ಕಿಬಿದ್ದಳು. ಗಂಡ ಕೇರಳದವನು, ನೇಪಾಳದ ಮೂಲಕ ವೀಸಾ ಇಲ್ಲದೆ ಬಂದಿದ್ದಳು. ಸೆರೆಯಲ್ಲಿರುವಾಗ ಹೆಣ್ಣು ಮಗು ಹುಟ್ಟಿತು. ಶಿಕ್ಷೆ ಮುಗಿಯಿತು, ಆದರೂ ಹೋಗಲಾಗಲಿಲ್ಲ. ಯಾಕೆಂದರೆ ಇವಳು ನಮ್ಮ ಪ್ರಜೆ ಎಂಬ ಕಾಗದವನ್ನು ಅವಳ ದೇಶವೇ ಕಳಿಸಿರಲಿಲ್ಲ. ಬೆಂಗಳೂರಿನ ಒಬ್ಬ ವಕೀಲೆ ಬೆನ್ನು ಹತ್ತಿದರು, ಅಲ್ಲಿನ ಸೆನೆಟ್ಟಿನಲ್ಲಿ ಒಬ್ಬ ಸದಸ್ಯರು ಪ್ರಶ್ನೆ ಎತ್ತಿದರು, ಆಗ ಕಾಗದ ಬಂತು. 2022ರ ಮಾರ್ಚಿನಲ್ಲಿ ಮಗುವನ್ನು ಎತ್ತಿಕೊಂಡು ವಾಘಾ ದಾಟಿದಳು. ಪರದೇಶದ ಕೋರ್ಟಿನ ಅನ್ಯಾಯದ ಬಗ್ಗೆ ಮಾತಾಡುವಾಗ ಸ್ವಂತ ದೇಶದ ಕಚೇರಿಯ ಮೇಜಿನ ಮೇಲೆ ಮಲಗಿರುವ ಕಡತವನ್ನೂ ನೆನೆಯಬೇಕು. ಅಲ್ಲಿ ಯಾವ ಜೈಲರನೂ ಇರುವುದಿಲ್ಲ, ಆದರೂ ಒಬ್ಬರು ಒಳಗೇ ಉಳಿಯುತ್ತಾರೆ.

ತಮ್ಮ ಮನೆಯನ್ನೂ ಅದೇ ಅಳತೆಯಲ್ಲಿ ಅಳೆದ ಒಬ್ಬನ ಹೆಸರು ಹೇಳಿ ಮುಂದೆ ಹೋಗುತ್ತೇನೆ. 2009ರ ಜುಲೈ 31ರಂದು ಇರಾಕಿನ ಕುರ್ದಿಸ್ತಾನದಲ್ಲಿ ಅಹ್ಮದ್ ಆವಾ ಜಲಪಾತ ನೋಡಲು ಹೋದ ಮೂವರು ಅಮೆರಿಕದ ಚಾರಣಿಗರನ್ನು ಇರಾನ್ ಗಡಿ ಪಡೆ ಹಿಡಿಯಿತು. ಬೇಹುಗಾರರೆಂಬ ಆರೋಪ. ಹುಡುಗಿಯನ್ನು 410 ದಿನಗಳ ಮೇಲೆ ಬಿಟ್ಟರು. ಉಳಿದ ಇಬ್ಬರಿಗೆ ಮುಚ್ಚಿದ ಬಾಗಿಲಲ್ಲಿ ಎಂಟು ವರ್ಷ ಶಿಕ್ಷೆಯಾಯಿತು, ಕೆಲವೇ ವಾರಗಳಲ್ಲಿ ಒಮಾನ್ ಮಧ್ಯಸ್ಥಿಕೆಯಿಂದ ಬಿಡುಗಡೆಯೂ ಆಯಿತು. ಮತ್ತೆ ಅದೇ, ಬಿಡುಗಡೆ. ಅವರಲ್ಲಿ ಒಬ್ಬನಾದ ಶೇನ್ ಬಾವರ್ ಪತ್ರಕರ್ತ. ಊರಿಗೆ ಮರಳಿದವನು ಇರಾನನ್ನು ಬೈದು ಸುಮ್ಮನಾಗಲಿಲ್ಲ. ಕ್ಯಾಲಿಫೋರ್ನಿಯಾದ ಜೈಲುಗಳಿಗೆ ಹೋಗಿ, ಅಲ್ಲಿ ವರ್ಷಗಟ್ಟಲೆ ಒಂಟಿ ಕೋಣೆಯಲ್ಲಿ ಇಟ್ಟವರನ್ನು ನೋಡಿ, 2012ರಲ್ಲಿ ತನ್ನ ದೇಶದ ವಿರುದ್ಧವೇ ಬರೆದ. ನಮಗೂ ಇದು ಹೊಸ ಪಾಠವಲ್ಲ. ಸೂರಾ ನಿಸಾದ 105ನೆಯ ಆಯತ್ತಿನಿಂದ ಮುಂದಿನ ಆಯತ್ತುಗಳ ಹಿನ್ನೆಲೆಯನ್ನು ತಫ್ಸೀರುಗಳಲ್ಲಿ ಓದಿ. ಮದೀನಾದಲ್ಲಿ ಕವಚ ಕದ್ದವನನ್ನು ಉಳಿಸಲು ಅವನ ಕುಲದವರು ತಪ್ಪನ್ನು ಒಬ್ಬ ಯಹೂದಿಯ ಮೇಲೆ ಹೊರಿಸಿದಾಗ, ಆ ಪರಧರ್ಮೀಯನ ನಿರಪರಾಧ ಎತ್ತಿ ತೋರಿಸಲು ಅವು ಇಳಿದವು ಎಂದು ಅಲ್ಲಿದೆ.

ಕೆಲಸಕ್ಕೆಂದು ಹೊರಗೆ ಹೋಗುವ ಹುಡುಗರಿಗೆ ಎರಡು ಮಾತು. ಪಾಸ್‌ಪೋರ್ಟು ಮಾಲೀಕನ ಕೈಯಲ್ಲಿದ್ದರೂ ಅದರ ನಂಬರು ನಿಮ್ಮ ತಾಯಿಯ ಹತ್ತಿರ ಬರೆದಿಟ್ಟಿರಲಿ. ಆ ದೇಶದಲ್ಲಿನ ಭಾರತದ ದೂತಾವಾಸದ ಫೋನ್ ನಂಬರು ಫೋನಿನಲ್ಲಲ್ಲ, ತಲೆಯಲ್ಲಿರಲಿ, ಮೊದಲು ಕಿತ್ತುಕೊಳ್ಳುವುದೇ ಫೋನು. ಏನೇ ಆದರೂ ಕೇಳಬೇಕಾದ ಮೊದಲ ಮಾತು, ‘ನನ್ನ ದೂತಾವಾಸಕ್ಕೆ ತಿಳಿಸಿ.’ ಊರಲ್ಲಿರುವವರು 2015ರಲ್ಲಿ ಶುರುವಾದ ವಿದೇಶಾಂಗ ಸಚಿವಾಲಯದ ‘ಮದದ್’ ವ್ಯವಸ್ಥೆಯಲ್ಲಿ ದೂರು ದಾಖಲಿಸಬಹುದು. ದಾರಿ ತಿಳಿಯದವರು ತಾಲೂಕಿನ ಕಾನೂನು ಸೇವಾ ಸಮಿತಿಗೆ ಹೋಗಿ, ದುಡ್ಡು ಕೇಳುವುದಿಲ್ಲ. ಶಿಕ್ಷೆಯೇ ಆಗಿಬಿಟ್ಟರೂ, ಒಪ್ಪಂದವಿರುವ ದೇಶವಾದರೆ ಉಳಿದ ಶಿಕ್ಷೆಯನ್ನು ಊರಿನ ಜೈಲಿನಲ್ಲಿ ಮುಗಿಸಲು 2003ರ ಕೈದಿಗಳ ಪ್ರತ್ಯಾವರ್ತನ ಕಾಯ್ದೆಯಡಿ ಅರ್ಜಿ ಹಾಕಬಹುದು. ಮತ್ತು ಓದಲು ಬಾರದ ಕಾಗದಕ್ಕೆ ಸಹಿ ಮಾಡಬೇಡಿ.

ಈ ಕೊನೆಯ ಮಾತಿಗೆ ಸಾಕ್ಷಿ ನಮ್ಮ ಮನೆಯಲ್ಲಿದೆ. ನನ್ನ ಖಾಲಾನ ಮಗ ಬಂದಾಗ ಒಂದು ಅರಬಿ ಕಾಗದ ತಂದಿದ್ದ. ಖಾಲಾ ಅದನ್ನು ನನ್ನ ಕೈಗೆ ಕೊಟ್ಟರು. ನಾನು ಉರ್ದು ಕಲಿತವನು, ಅಕ್ಷರ ಬರುತ್ತದೆ. ಗಡಗಡನೆ ಓದಿದೆ. ಅವರು “ಪಡ್ಯಾ ನಾ, ಕ್ಯಾ ಹೈ ಬೋಲ್” ಎಂದರು. ಓದಿದೆಯಲ್ಲ, ಏನಿದೆ ಹೇಳು! ನನಗೆ ಒಂದು ಸಾಲೂ ಅರ್ಥವಾಗಿರಲಿಲ್ಲ. ಅರ್ಥ ತಿಳಿಯದೆ ಓದುವ ಈ ಅಭ್ಯಾಸ ನಮ್ಮಲ್ಲಿ ಎಷ್ಟು ಜನರಿಗಿದೆಯೋ ನಿಮಗೇ ಗೊತ್ತು. ಆ ಕಾಗದ ಹಾಗೆಯೇ ಟ್ರಂಕಿನಲ್ಲಿ ಉಳಿಯಿತು. ಈ ಭಾಷಣ ಬರೆಯಲು ಕೂತಾಗ ನೆನಪಾಗಿ, ಬೆಳಗಾವಿಯಲ್ಲಿ ಅರಬಿ ಬಲ್ಲ ಒಬ್ಬ ಆಲಿಮರಿಗೆ ತೋರಿಸಿದೆ. ಅದು ಅವನ ಹೇಳಿಕೆಯ ನಕಲು. ಮೇಲೆ ಆ ಎರಡು ಸಲದ ವಿಷಯ ಇದೆ. ಕೊನೆಯ ಸಾಲಿನ ತಾತ್ಪರ್ಯ, ಇದೆಲ್ಲವನ್ನೂ ನನಗೆ ತಿಳಿಯುವ ಭಾಷೆಯಲ್ಲಿ ಓದಿ ಹೇಳಲಾಗಿದೆ, ನಾನು ಒಪ್ಪಿ ಸಹಿ ಮಾಡಿದ್ದೇನೆ ಎಂದು. ಅದರ ಕೆಳಗೆ ಅವನ ಸಹಿ ಕನ್ನಡದಲ್ಲಿದೆ.

ಅವನೀಗ ಲೋಕಾಪುರದ ಕಡೆ ಸ್ವಂತ ಪಿಕಪ್ ಓಡಿಸುತ್ತಾನೆ. ಆ ಕಾಗದದ ಜೆರಾಕ್ಸ್ ಪ್ರತಿಯನ್ನು ಶಾಲೆಯ ಫಲಕಕ್ಕೆ ಹಾಕಲೇ ಎಂದು ಕೇಳಿದೆ. ಹಾಕು, ಹೆಸರಿನ ಮೇಲೆ ಮಾತ್ರ ಚೀಟಿ ಅಂಟಿಸು ಎಂದಿದ್ದಾನೆ. ಸೋಮವಾರ ಬಂದು ನೋಡಿ.